ಗೌರೀಶಂಕರನ ಗುಲಾಬಿ ಚೀಟಿ

ಪುಕ್ಕಲರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ನನ್ನ ಗ್ರಹಚಾರ ನೋಡಿ, ಜಯನಗರ ನಾಲ್ಕನೇ ಬ್ಲಾಕಿನ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಗೆ ಬಂದು ಕೂತವನು ಪುಕ್ಕಲರಲ್ಲೇ ಪುಕ್ಕಲನಾದ ಗೌರೀಶಂಕರ. ಬನಶಂಕರಿ ಎರಡನೇ ಸ್ಟೇಜಿನಲ್ಲಿ ಹುಟ್ಟಿ ಅಲ್ಲೇ ಬೆಳೆದವನು. ಮನೆಯಲ್ಲಿ ತಾಯಿ ಅಡುಗೆ ಮಾಡುತ್ತಿರುವ ಹೊತ್ತಿಗೇ ಆಫೀಸಿನಿಂದ ಫೋನು ಮಾಡಿ, ಗ್ಯಾಸ್ ಆಫ್ ಮಾಡಿದ್ದೀಯಾ ಎಂದು ಕೇಳುತ್ತಿದ್ದ. ಆಫ್ ಮಾಡಿದರೆ ನಿನಗೆ ಸಾರು ಯಾರು ಮಾಡುತ್ತಾರೆ ಎಂದು ಆಕೆ ಬೈಯುವುದು ನನಗೂ ಕೇಳಿಸುತ್ತಿತ್ತು. ಶಾಪಿಂಗ್ ಕಾಂಪ್ಲೆಕ್ಸಿನ ಮುಂದೆ ರಸ್ತೆ ದಾಟಬೇಕಾದರೆ ಯಾರಾದರೂ ವಯಸ್ಸಾದ ಹೆಂಗಸು ದಾಟಲಿ ಎಂದು ಕಾದು ನಿಂತು, ಅವರ ಸೆರಗಿನ ಹಿಂದೆಯೇ ದಾಟುತ್ತಿದ್ದ. ನೋಡಿದವರು ಎಂಥ ಒಳ್ಳೆಯ ಹುಡುಗ, ಅಜ್ಜಿಯನ್ನು ದಾಟಿಸುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು. ದಾಟಿಸುತ್ತಿದ್ದವರು ಯಾರು ಎಂಬುದು ನನಗೆ ಗೊತ್ತಿತ್ತು.

ಚಿಕ್ಕಂದಿನಲ್ಲಿ ನಾಯಿ ಗೀಯಿ ಕಚ್ಚಿತ್ತೇನೋ ಎಂದು ಒಮ್ಮೆ ಕೇಳಿದೆ.

"ಇಲ್ಲ ಮಧು, ಇಲ್ಲಿತನಕ ನಂಗೆ ಏನೂ ಆಗಿಲ್ಲ. ಅದಕ್ಕೇ ಭಯ" ಎಂದ.

ಇಂಥವನಿಗೆ ಏನು ಹೇಳುವುದು! ನಾನು ಮಧುಮತಿ, ಗದಗಿನವಳು. ಆಗ ಬಿಟಿಎಂ ಲೇಔಟಿನಲ್ಲಿ ಗೆಳತಿಯೊಬ್ಬಳ ಜೊತೆ ಬಾಡಿಗೆ ಕೋಣೆಯಲ್ಲಿದ್ದೆ. ಎರಡು ಸಾವಿರದ ಇಸವಿಯ ಆಸುಪಾಸು. ಗಿರಾಕಿಗಳ ಫೋನು ಎತ್ತಿ ಅವರ ಬೈಗುಳ ಕೇಳುವುದು ಆಫೀಸಿನಲ್ಲಿ ನನ್ನ ಕೆಲಸ. ಬೈಸಿಕೊಳ್ಳುವಂಥ ಪ್ರೋಗ್ರಾಮ್ ಬರೆಯುವುದು ಗೌರೀಶಂಕರನ ಕೆಲಸ. ಹಾಗೆಂದು ನಾನು ಹಂಗಿಸುತ್ತಿದ್ದೆನೇ ಹೊರತು, ನಿಜ ಹೇಳಬೇಕೆಂದರೆ ಅವನು ಬರೆದದ್ದು ಕೆಡುತ್ತಿದ್ದುದೇ ಅಪರೂಪ. ಹೆದರಿ ಹೆದರಿ ಬರೆದದ್ದು ಅಷ್ಟು ಗಟ್ಟಿಯಾಗಿರುತ್ತಿತ್ತು.

ನಮ್ಮ ಪ್ರೋಗ್ರಾಮ್ ನರ್ಸಿಂಗ್ ಹೋಮ್‌ಗಳ ರಕ್ತ ಪರೀಕ್ಷೆಯ ಲ್ಯಾಬಿಗಾಗಿ ಮಾಡಿದ್ದು. ರಕ್ತ ಪರೀಕ್ಷಿಸುವ ಮೆಷಿನ್ನಿನಿಂದ ಒಂದು ಕೇಬಲ್ ಕಂಪ್ಯೂಟರಿಗೆ ಬರುತ್ತದೆ. ಮೆಷಿನ್ ಅಂಕಿ ಕಳಿಸುತ್ತದೆ, ನಮ್ಮ ಪ್ರೋಗ್ರಾಮ್ ಅದನ್ನು ರೋಗಿಯ ಹೆಸರಿನ ಮುಂದೆ ಕೂರಿಸಿ ರಿಪೋರ್ಟ್ ಅಚ್ಚು ಹಾಕುತ್ತದೆ. ಇಷ್ಟೇ. ಆದರೆ ಡಾಕ್ಟರುಗಳಿಗೆ ಇಷ್ಟು ಸಾಲದು. ಒಬ್ಬರಿಗೆ ಸಕ್ಕರೆ ಜಾಸ್ತಿಯಿದ್ದರೆ ದಪ್ಪ ಅಕ್ಷರ ಬೇಕು, ಇನ್ನೊಬ್ಬರಿಗೆ ಮಕ್ಕಳ ರಿಪೋರ್ಟ್ ಬೇರೆ ಥರ ಬೇಕು. ಪ್ರತಿಯೊಂದಕ್ಕೂ ಗೌರೀಶಂಕರ ಪ್ರೋಗ್ರಾಮ್ ಬಿಚ್ಚಿ, ತಿದ್ದಿ, ಫ್ಲಾಪಿಗೆ ಹಾಕಿಕೊಂಡು ಬಸ್ಸು ಹತ್ತಬೇಕಿತ್ತು. ಬಸ್ಸು ಹತ್ತುವುದೂ ಅವನಿಗೊಂದು ಭಯ.

ಅದಕ್ಕಾಗಿ ಅವನು ಒಂದು ಉಪಾಯ ಮಾಡಿದ. ನಮ್ಮ ಪ್ರೋಗ್ರಾಮಿನ ಹೊಟ್ಟೆಯೊಳಗೆ ಒಂದು ಸ್ಕ್ರಿಪ್ಟ್ ಎಂಜಿನ್ ಕೂರಿಸಿದ. ಇನ್ನು ಮೇಲೆ ಲ್ಯಾಬಿನವರೇ ನಾಲ್ಕು ಸುಲಭದ ಸಾಲಿನ ಸ್ಕ್ರಿಪ್ಟ್ ಬರೆದರೆ ಸಾಕು, ಅವರ ಇಷ್ಟದಂತೆ ಕೆಲಸ ಆಗುತ್ತದೆ. ಆದರೆ ಆ ನಾಲ್ಕು ಸಾಲಿಗೆ ರೋಗಿ ಯಾರು, ರಕ್ತ ಯಾವುದು, ಪ್ರಿಂಟರ್ ಎಲ್ಲಿದೆ ಎಂದು ಗೊತ್ತಾಗಬೇಕಲ್ಲ. ಅವೆಲ್ಲ ನಮ್ಮ ಪ್ರೋಗ್ರಾಮಿನೊಳಗೆ ಆಬ್ಜೆಕ್ಟುಗಳಾಗಿ, ಅಂದರೆ ಮಾಹಿತಿ ತುಂಬಿಟ್ಟ ಗೂಡುಗಳಾಗಿ ಇರುತ್ತಿದ್ದವು. ಅವುಗಳನ್ನು ಸ್ಕ್ರಿಪ್ಟಿನ ಕೈಗೆ ಕೊಡಬೇಕು. ಸ್ಯಾಂಪಲ್ ಎಂದು ಬರೆದರೆ ಆ ಹೊತ್ತಿನ ರಕ್ತದ ಆಬ್ಜೆಕ್ಟ್ ಕೈಗೆ ಸಿಗಬೇಕು.

ಕೊಡುವ ಮುಂಚೆ ಗೌರೀಶಂಕರನಿಗೆ ಎಂದಿನ ಭಯ ಹತ್ತಿತು. ಆಫೀಸಿನ ಯಜಮಾನರಾದ ವೆಂಕಟಸ್ವಾಮಿಯವರ ಮೇಜಿನ ಮುಂದೆ ಹೋಗಿ ನಿಂತ.

"ಸಾರ್, ನಮ್ಮ ಆಬ್ಜೆಕ್ಟನ್ನೇ ಅವ್ರ ಕೈಗೆ ಕೊಡೋದು ಬೇಡ. ನಕಲು ಮಾಡಿ ಕೊಡೋಣ. ಅವ್ರು ಅದನ್ನ ಎಷ್ಟೊತ್ತು ಹಿಡ್ಕೊಂಡಿರ್ತಾರೋ ನಮಗೆ ಗೊತ್ತಾಗಲ್ಲ."

"ನಕಲು ಮಾಡ್ತಾ ಕೂತ್ರೆ ಸ್ಲೋ ಆಗತ್ತಲ್ಲಪ್ಪ. ಅವ್ರ ಹತ್ರ ಇರೋದೆಲ್ಲ ಓಬೀರಾಯನ ಕಾಲದ ಕಂಪ್ಯೂಟರು. ಗೌರಿ, ನಿನ್ನ ಕೈಲಿ ಬಿಟ್ರೆ ಬಚ್ಚಲುಮನೆಗೂ ವಾಚ್‌ಮನ್ ಇಡ್ತೀಯ ನೀನು!"

ಇಡೀ ಆಫೀಸು ನಕ್ಕಿತು. ಗೌರೀಶಂಕರನೂ ನಕ್ಕ. ನಕ್ಕು ಬಂದು ಅವರು ಹೇಳಿದ ಹಾಗೇ ಬರೆದ. ಜಯನಗರದ ಒಂದು ದೊಡ್ಡ ನರ್ಸಿಂಗ್ ಹೋಮಿನಲ್ಲಿ ಅದನ್ನು ತೋರಿಸಿದಾಗ ಲ್ಯಾಬಿನ ನಿಂಗರಾಜ, "ಸಖತ್ತಾಗಿದೆ ಗುರು!" ಎಂದು ಅವನ ಬೆನ್ನು ತಟ್ಟಿದ. ವಾಪಸು ಬರುವಾಗ ಗೌರೀಶಂಕರ ಯಾವ ಅಜ್ಜಿಯ ಸಹಾಯವೂ ಇಲ್ಲದೆ ರಸ್ತೆ ದಾಟಿದ್ದನ್ನು ನಾನು ಕಣ್ಣಾರೆ ಕಂಡೆ.

ನಿಂಗರಾಜ ಚುರುಕು ಮನುಷ್ಯ. ಅದೇ ವಾರ ತಾನೇ ಒಂದು ಸ್ಕ್ರಿಪ್ಟ್ ಬರೆದ. ತುರ್ತು ರೋಗಿಗಳ ಪೂರ್ತಿ ರಿಪೋರ್ಟ್ ಸಿಗುವುದು ಸಂಜೆಗೆ. ಅಲ್ಲಿಯವರೆಗೆ ಡಾಕ್ಟರು ಕಾಯಬಾರದೆಂದು, ಬೆಳಗಿನ ಸ್ಯಾಂಪಲ್‌ಗಳಲ್ಲಿ ತುರ್ತಿನವನ್ನು ಎತ್ತಿಟ್ಟುಕೊಂಡು, ಎಲ್ಲ ಮುಗಿದ ಮೇಲೆ ಒಬ್ಬೊಬ್ಬರಿಗೂ ಒಂದು ಗುಲಾಬಿ ಬಣ್ಣದ ಚೀಟಿ ಅಚ್ಚು ಹಾಕುವ ಏರ್ಪಾಡು ಅದು. ಡಾಕ್ಟರು ಆ ಚೀಟಿ ನೋಡಿಯೇ ಔಷಧಿ ಬರೆಯಲು ಶುರುಮಾಡಿದರು. ಎಲ್ಲರಿಗೂ ಬಹಳ ಖುಷಿಯಾಯಿತು.

ಚೀಟಿ ಶುರುವಾದ ಮೊದಲ ವಾರವೇ, ಗುರುವಾರ ಮಧ್ಯಾಹ್ನ ಊಟ ಮುಗಿಸಿ ಬಂದು ನೋಡುತ್ತೇನೆ, ಗೌರೀಶಂಕರನ ಡಬ್ಬಿ ಮುಚ್ಚಳ ತೆಗೆದು ಹಾಗೇ ಇದೆ. ಅವನು ಪರದೆಯನ್ನೇ ನೋಡುತ್ತಾ ಕೂತಿದ್ದಾನೆ. ಮುಖದಲ್ಲಿ ರಕ್ತವೇ ಇಲ್ಲ.

"ಮಧು, ಸ್ವಲ್ಪ ಇಲ್ಲಿ ಬಾ" ಎಂದ.

ನಿಂಗರಾಜನ ಸ್ಕ್ರಿಪ್ಟಿನಂಥದ್ದನ್ನೇ ಬರೆದು ಪರೀಕ್ಷೆ ಮಾಡುತ್ತಿದ್ದನಂತೆ. ಪರದೆಯ ಮೇಲೆ ಬೇರೆ ಬೇರೆ ಹೆಸರುಗಳು. ಪ್ರತಿ ಹೆಸರಿನ ಮುಂದೆಯೂ ಅದೇ ಅಂಕಿ.

ನನಗೆ ಅರ್ಥವಾಗಲಿಲ್ಲ. ಅವನು ತೊದಲುತ್ತಾ ಹೇಳಿದ್ದನ್ನು ನಾನು ನನ್ನ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಹಳೆಯ ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಾದ್ದರಿಂದ ನಮ್ಮ ಪ್ರೋಗ್ರಾಮ್ ಪ್ರತಿ ರಕ್ತಕ್ಕೂ ಹೊಸ ಆಬ್ಜೆಕ್ಟ್ ಮಾಡುತ್ತಿರಲಿಲ್ಲ. ಒಬ್ಬರ ಕೆಲಸ ಮುಗಿದ ಕೂಡಲೇ ಅದೇ ಆಬ್ಜೆಕ್ಟಿಗೆ ಮುಂದಿನವರ ಅಂಕಿಗಳನ್ನು ತುಂಬುತ್ತಿತ್ತು. ಬಿಟಿಎಂನ ಬಾಡಿಗೆ ಮನೆಗಳ ಹಾಗೆ. ಹಳೆಯ ಬಾಡಿಗೆದಾರ ಖಾಲಿ ಮಾಡುತ್ತಾನೆ, ಮರುದಿನವೇ ಹೊಸಬ ಬರುತ್ತಾನೆ, ಓನರು ಬೀಗ ಬದಲಾಯಿಸುವುದಿಲ್ಲ. ಹಳಬನ ಕಡೆಯವರು ಯಾರಾದರೂ ತಮ್ಮ ಹತ್ತಿರ ಉಳಿದಿದ್ದ ಕೀಲಿ ಹಾಕಿದರೆ ಬಾಗಿಲು ತೆರೆದೇ ತೆರೆಯುತ್ತದೆ. ಒಳಗಿರುವವರು ಮಾತ್ರ ಬೇರೆ. ನಿಂಗರಾಜನ ಸ್ಕ್ರಿಪ್ಟ್ ರೋಗಿಯ ಹೆಸರನ್ನು ಬರೆದಿಟ್ಟುಕೊಂಡಿತ್ತು, ಆದ್ದರಿಂದ ಹೆಸರು ಸರಿಯಾಗಿತ್ತು. ಅಂಕಿಗಳನ್ನು ಬರೆದಿಟ್ಟುಕೊಳ್ಳದೆ ಆಬ್ಜೆಕ್ಟಿನ ಕೀಲಿ ಮಾತ್ರ ಇಟ್ಟುಕೊಂಡಿತ್ತು. ಚೀಟಿ ಅಚ್ಚು ಹಾಕುವ ಹೊತ್ತಿಗೆ ಆ ಮನೆಯಲ್ಲಿ ಬೇರೆ ಯಾರದೋ ರಕ್ತ ಇರುತ್ತಿತ್ತು. ದಿನಕ್ಕೆ ತುರ್ತಿನವು ಕೆಲವೇ, ಅವೂ ಬೇರೆ ಬೇರೆ ಡಾಕ್ಟರ ಕೈಗೆ ಹೋಗುತ್ತಿದ್ದುದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

"ಅಂದ್ರೆ ಒಬ್ಬರ ಚೀಟೀಲಿ ಇನ್ನೊಬ್ಬರ ರಕ್ತಾನಾ?" ಎಂದೆ.

ಅವನು ಹೌದೆಂದು ತಲೆಯಾಡಿಸಿದ. ಅಲ್ಲಿಯವರೆಗೆ ನಮ್ಮ ಪ್ರೋಗ್ರಾಮ್ ಕೆಟ್ಟರೆ ಬೈಗುಳ ಬರುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು.

ಸ್ಪೀಕರ್ ಹಾಕಿ ನಿಂಗರಾಜನಿಗೆ ಫೋನು ಮಾಡಿದೆವು. ಚೀಟಿ ನಿಲ್ಲಿಸಿ ಎಂದು ಗೌರೀಶಂಕರ ಎರಡೆರಡು ಸಲ ಹೇಳಿದ. ಆಮೇಲೆ ಈ ವಾರದ ಚೀಟಿಗಳನ್ನೆಲ್ಲ ಮೆಷಿನ್ನಿನ ಅಂಕಿಗಳ ಜೊತೆ ಹೋಲಿಸಿ ನೋಡಿ ಎಂದ. ನಿಂಗರಾಜ ಒಂದೊಂದಾಗಿ ನೋಡುತ್ತಾ ಹೋದ. ಕೆಲವರಿಗೆ ಹೆಚ್ಚು ವ್ಯತ್ಯಾಸವಿರಲಿಲ್ಲ. ಕೆಲವರಿಗೆ ಸಂಜೆಯ ರಿಪೋರ್ಟ್ ಬಂದು ಸರಿಹೋಗಿತ್ತು. ಆಮೇಲೆ ಅವನು ಕಾಗದ ಮಗುಚುವ ಸದ್ದು ಕೇಳಿಸಿತು.

"ಮುರಿಗೆವ್ವ ಅಂತ. ಇವತ್ತು ಬೆಳಿಗ್ಗೇದು" ಎಂದ. "ಮೆಷಿನ್ನಲ್ಲಿ ಪೊಟ್ಯಾಸಿಯಂ ಆರು ಪಾಯಿಂಟ್ ಒಂಬತ್ತು ಇದೆ. ಚೀಟೀಲಿ ನಾಲ್ಕು ಪಾಯಿಂಟ್ ಎರಡು. ನಾರ್ಮಲ್ ಅಂತ ಆಗ್ಲೇ ಮನೆಗೆ ಕಳಿಸ್ಬಿಟ್ಟಿದ್ದಾರೆ ಗುರು."

"ಜಾಸ್ತಿ ಆದ್ರೆ ಏನಾಗತ್ತೆ?" ಎಂದು ಕೇಳಿದೆ.

"ಹಾರ್ಟ್ ನಿಂತೋಗತ್ತೆ ಮೇಡಂ. ಹೇಳ್ದೆ ಕೇಳ್ದೆ."

ಲ್ಯಾಬಿನ ರಿಜಿಸ್ಟರಿನಲ್ಲಿ ಮುರಿಗೆವ್ವನ ಹೆಸರಿನ ಮುಂದಿದ್ದ ವಿಳಾಸವನ್ನೂ ಒಂದು ಪಿಪಿ ನಂಬರನ್ನೂ ನಿಂಗರಾಜ ಓದಿ ಹೇಳಿದ. ಆಗೆಲ್ಲ ಎಲ್ಲರ ಮನೆಯಲ್ಲಿ ಫೋನಿರಲಿಲ್ಲ. ಓನರದ್ದೋ ಪಕ್ಕದ ಮನೆಯವರದ್ದೋ ನಂಬರು ಕೊಟ್ಟು, ಅದರ ಮುಂದೆ ಪಿಪಿ ಎಂದು ಬರೆಸುತ್ತಿದ್ದರು. ನಾನು ಆ ನಂಬರಿಗೆ ಫೋನು ಹಚ್ಚಿದೆ. ರಿಂಗಾಯಿತು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ.

ಗೌರೀಶಂಕರ ಯಜಮಾನರ ಮೇಜಿನ ಮುಂದೆ ಹೋಗಿ ಎಲ್ಲ ಹೇಳಿದ. ವೆಂಕಟಸ್ವಾಮಿಯವರು ಕೆಟ್ಟವರಲ್ಲ. ಆದರೆ ಅವರೂ ಹೆದರಿದರು, ಹೆದರಿದವರ ಬುದ್ಧಿ ತಮ್ಮ ಬುಡದ ಕಡೆಗೇ ಓಡುತ್ತದೆ.

"ನರ್ಸಿಂಗ್ ಹೋಮ್‌ನವ್ರು ನೋಡ್ಕೋತಾರೆ. ಅವ್ರ ಪೇಷಂಟು, ಅವ್ರ ಜವಾಬ್ದಾರಿ" ಎಂದರು. "ನಾವು ಹೋಗಿ ಹೇಳಿದ್ರೆ ತಪ್ಪು ನಮ್ದೇ ಅಂತ ಒಪ್ಕೊಂಡಂಗಾಗತ್ತೆ. ನಾನು ಅಲ್ಲಿ ದೊಡ್ಡ ಡಾಕ್ಟ್ರ ಹತ್ರ ನಿಧಾನಕ್ಕೆ ಮಾತಾಡ್ತೀನಿ. ಅಲ್ಲಿತನಕ ಯಾರೂ ಬಾಯಿ ಬಿಡ್ಬೇಡಿ."

"ದೊಡ್ಡ ಡಾಕ್ಟ್ರು ಯಾವಾಗ ಬರ್ತಾರೆ ಸಾರ್?" ಎಂದ ಗೌರೀಶಂಕರ.

"ಸಂಜೆ."

ಗೌರೀಶಂಕರ ತನ್ನ ಕುರ್ಚಿಗೆ ವಾಪಸು ಬಂದು ಕೂತ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಅಷ್ಟೇ, ಇನ್ನು ಇವನು ಏಳುವುದಿಲ್ಲ ಎಂದುಕೊಂಡೆ. ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು.

"ಮಧು, ನಿನ್ನ ಗಾಡಿ ತಂದಿದೀಯಾ?" ಎಂದ.

ನನ್ನ ಕೈನೆಟಿಕ್ ಹೋಂಡಾ ಮೇಲೆ ಕೂರು ಎಂದು ನಾನು ಎಷ್ಟೋ ಸಲ ಕರೆದಿದ್ದೆ. ಒಂದು ಸಲವೂ ಕೂತವನಲ್ಲ. ಆ ದಿನ ಕೂತ. ಹಿಂದೆ ಕೂತು ನನ್ನ ಭುಜವನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಮರುದಿನವೂ ನೋಯುತ್ತಿತ್ತು. ಜಯನಗರದ ಈಸ್ಟ್ ಎಂಡ್ ದಾಟುವವರೆಗೆ ಕಣ್ಣು ಮುಚ್ಚಿಕೊಂಡೇ ಇದ್ದನೆಂದು ಕಾಣುತ್ತದೆ. ಬನ್ನೇರುಘಟ್ಟ ರಸ್ತೆಯಲ್ಲಿ ಒಂದು ಲಾರಿ ಪಕ್ಕದಲ್ಲೇ ಹಾರನ್ ಹೊಡೆದಾಗ ಅವನ ಬಾಯಿಂದ ಒಂದು ಸಣ್ಣ ಕೂಗು ಹೊರಟಿತು. ಆದರೂ ನಿಲ್ಲಿಸು ಎನ್ನಲಿಲ್ಲ. "ಇನ್ನೂ ಜೋರಾಗಿ ಹೋಗು" ಎಂದ.

ವಿಳಾಸ ಎಂದು ಕೊಟ್ಟಿದ್ದು ಇಷ್ಟೇ: ರಾಮಯ್ಯನವರ ಬಿಲ್ಡಿಂಗ್, ವಾಟರ್ ಟ್ಯಾಂಕ್ ಹತ್ತಿರ, ಬಿಟಿಎಂ. ಬಿಟಿಎಂನಲ್ಲಿ ರಾಮಯ್ಯನವರ ಬಿಲ್ಡಿಂಗ್ ಹುಡುಕುವ ಕಷ್ಟ ಅಲ್ಲಿದ್ದವರಿಗೇ ಗೊತ್ತು. ಅಲ್ಲಿ ಮೊದಲು ಹೊಲ ಗದ್ದೆ ಇದ್ದವು. ರಾಗಿ, ಸೊಪ್ಪು ಬೆಳೆಯುತ್ತಿದ್ದವರೆಲ್ಲ ಲೇಔಟ್ ಆದ ಮೇಲೆ ಉಳಿದ ತುಂಡು ನೆಲದಲ್ಲಿ ಮಹಡಿ ಮೇಲೆ ಮಹಡಿ ಎಬ್ಬಿಸಿ, ನಮ್ಮಂಥವರಿಗೆ ಬಾಡಿಗೆಗೆ ಕೊಟ್ಟರು. ಅವರಲ್ಲಿ ರಾಮಯ್ಯನವರೇ ಎಷ್ಟೋ ಜನ. ಮೊದಲು ಸಿಕ್ಕ ರಾಮಯ್ಯನವರ ಬಿಲ್ಡಿಂಗಿನಲ್ಲಿ ಮುರಿಗೆವ್ವ ಇರಲಿಲ್ಲ. ಅಲ್ಲಿ ಇದ್ದದ್ದು ಒಂದು ನಾಯಿ. ಗೌರೀಶಂಕರ ಬಿಳಿಚಿಕೊಂಡು ಅದರ ಮುಂದೆಯೇ ಮೆಟ್ಟಿಲು ಹತ್ತಿ, ಬಾಗಿಲು ಬಡಿದು, ಕೇಳಿ, ಮತ್ತೆ ಅದರ ಮುಂದೆಯೇ ಇಳಿದು ಬಂದ. ಅದು ಬೊಗಳುತ್ತಲೇ ಇತ್ತು. ಅವನಿಗೆ ಅದು ಕೇಳಿಸಿತೋ ಇಲ್ಲವೋ ನಾನು ಕಾಣೆ.

ಇಸ್ತ್ರಿ ಗಾಡಿಯವನೊಬ್ಬ, "ಉತ್ತರ ಕರ್ನಾಟಕದೋರು ಅಮ್ಮ ಮಗ ಇರೋದಾ? ಅದು ಅಕ್ಕಯಮ್ಮನೋರ ಮನೆ. ಕಾಂಪೌಂಡಲ್ಲಿ ತೆಂಗಿನಮರ ಇದೆ ನೋಡಿ, ಅದೇ" ಎಂದು ಕೈ ತೋರಿಸಿದ.

ಆ ಮನೆಯ ಗೇಟು ತೆರೆದೇ ಇತ್ತು. ಒಬ್ಬ ವಯಸ್ಸಾದ ಹೆಂಗಸು ಕೈಯಲ್ಲಿ ಮಚ್ಚು ಹಿಡಿದುಕೊಂಡು ಮಹಡಿಯಿಂದ ಇಳಿದು ಬರುತ್ತಿದ್ದರು. ಅವರೇ ರಾಮಯ್ಯನವರ ಹೆಂಡತಿ ಅಕ್ಕಯಮ್ಮ. ಕೆಳಗಿನ ಅವರ ಮನೆಯಲ್ಲಿ ಫೋನು ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಬಹುಶಃ ನಿಂಗರಾಜನದ್ದೇ ಇರಬೇಕು.

"ಮುರಿಗೆವ್ವನೋರು..." ಎಂದ ಗೌರೀಶಂಕರ.

"ಮ್ಯಾಲವ್ರೆ ಕಣಪ್ಪ. ಪಾಪ, ಭಾಳ ಸುಸ್ತು. ಆಸ್ಪತ್ರೇಲಿ ಏನೂ ಇಲ್ಲ, ನೀರಿನಂಶ ಕುಡಿಸಿ ಅಂದ್ರಂತೆ. ಅದಕ್ಕೆ ನಮ್ಮ ಮರದ್ದೇ ಎಳನೀರು ಕೆತ್ತಿಕೊಟ್ಟು ಬಂದೆ. ಬೆಳಿಗ್ಗೆಯಿಂದ ಅದೇ ಕೊಡ್ತಿದೀವಿ."

ಬೆಂಗಳೂರಿನಲ್ಲಿ ಸುಸ್ತು ಎಂದವರಿಗೆ ಎಳನೀರು ಕುಡಿಸದವರು ಯಾರಿದ್ದಾರೆ? ಜ್ವರಕ್ಕೆ ಎಳನೀರು, ಬಿಸಿಲಿಗೆ ಎಳನೀರು, ಬಸುರಿಗೆ ಎಳನೀರು. ನನಗಂತೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಗೌರೀಶಂಕರನಿಗೆ ಕಂಡಿತು. ಆ ಪ್ರೋಗ್ರಾಮಿಗಾಗಿ ಅವನು ರಕ್ತದ ಪುಸ್ತಕಗಳನ್ನೆಲ್ಲ ಓದಿದ್ದ.

"ಎಳನೀರಲ್ಲಿ ತುಂಬಾ ಪೊಟ್ಯಾಸಿಯಂ ಇರತ್ತೆ ಮಧು" ಎಂದವನೇ ಮೆಟ್ಟಿಲು ಹತ್ತಿ ಓಡಿದ.

ನಾನು ಹಿಂದೆಯೇ ಓಡಿದೆ. ಮೇಲೆ ಒಂದೇ ಕೋಣೆ. ಚಾಪೆಯ ಮೇಲೆ ಗೋಡೆಗೆ ಒರಗಿ ಮುರಿಗೆವ್ವ ಕೂತಿದ್ದಳು. ಅವಳ ಮಗ ಹೊಳೆಪ್ಪ, ಯಾವುದೋ ಆಫೀಸಿನಲ್ಲಿ ಅಟೆಂಡರ್ ಆಗಿದ್ದವನು, ಯೂನಿಫಾರ್ಮಿನಲ್ಲೇ ಮಂಡಿಯೂರಿ ಕೂತು ತಾಯಿಯ ಬಾಯಿಗೆ ಲೋಟ ಹಿಡಿದಿದ್ದ. ಗೌರೀಶಂಕರ ಚಪ್ಪಲಿ ಸಮೇತ ಒಳಗೆ ನುಗ್ಗಿ, "ಕುಡಿಸ್ಬೇಡಿ!" ಎಂದು ಕಿರುಚಿ ಆ ಲೋಟವನ್ನು ಕೈಯಿಂದ ಹೊಡೆದು ಬೀಳಿಸಿದ.

ಹೊಳೆಪ್ಪ ಎದ್ದು ನಿಂತ. ಒಳ್ಳೆ ಕಟ್ಟುಮಸ್ತಾದ ಆಳು. "ಯಾರಲೇ ನೀ?" ಎಂದ.

ನಾನೇ ನಡುವೆ ಬಂದೆ. ನಮ್ಮ ಕಡೆಯ ಮಾತೇ ಬಾಯಿಗೆ ಬಂತು.

"ಅಣ್ಣಾ, ಸಿಟ್ಟಾಗಬ್ಯಾಡ್ರಿ. ಆಸ್ಪತ್ರಿ ಕಡಿಂದ ಬಂದೀವಿ. ಅವ್ವಾರ ರಕ್ತ ಇನ್ನೊಮ್ಮಿ ನೋಡಬೇಕಂತ. ಈಗಿಂದೀಗ ಹೊಂಡ್ರಿ, ಎಳನೀರು ಕುಡಿಸಬ್ಯಾಡ್ರಿ."

ನಮ್ಮ ಊರ ಕಡೆಯ ದನಿ ಕೇಳಿ ಅವನು ಸ್ವಲ್ಪ ತಣ್ಣಗಾದ. ಮುರಿಗೆವ್ವ ನನ್ನ ಕಡೆ ನೋಡಿದಳು. ಅವಳ ಕಣ್ಣು ಸೋತಿದ್ದವು.

"ಕಾಲಾಗ ಶಕ್ತಿನ ಇಲ್ಲ ಯವ್ವಾ" ಎಂದಳು. "ಎದಿ ಒಮ್ಮೆ ಹೊಡಕೋತೈತಿ, ಒಮ್ಮೆ ನಿಂತಂಗ ಆಗತೈತಿ."

ನನಗೆ ಎಂದೂ ಅಷ್ಟು ಭಯವಾಗಿದ್ದಿಲ್ಲ. ಹೊಳೆಪ್ಪ ತಾಯಿಯನ್ನು ಎತ್ತಿಕೊಂಡು ಇಳಿದ. ಗೌರೀಶಂಕರ ರಸ್ತೆಯ ನಡುವೆ ಹೋಗಿ ಎರಡೂ ಕೈ ಅಗಲಿಸಿ ನಿಂತು ಒಂದು ಆಟೋ ತಡೆದ. ಅವರು ಮೂವರು ಆಟೋದಲ್ಲಿ, ನಾನು ಹಿಂದಿನಿಂದ ಗಾಡಿಯಲ್ಲಿ. ಅಕ್ಕಯಮ್ಮನವರು ಬೇಡವೆಂದರೂ ಬಿಡದೆ ನನ್ನ ಹಿಂದೆ ಹತ್ತಿ ಕೂತರು. ದಾರಿಯುದ್ದಕ್ಕೂ, "ಅಮ್ಮಾ ಬನಶಂಕರಿ, ಕಾಪಾಡವ್ವ" ಎನ್ನುತ್ತಿದ್ದರು. ಮುಂದಿನ ಆಟೋದ ಹಿಂಬದಿಯ ಕಿಂಡಿಯಲ್ಲಿ ನನಗೆ ಮುರಿಗೆವ್ವನ ತಲೆ ಕಾಣುತ್ತಿತ್ತು. ಅದು ಹೊಳೆಪ್ಪನ ಭುಜದ ಮೇಲೆ ಅತ್ತಿತ್ತ ಆಡಿದಾಗಲೆಲ್ಲ, ಇನ್ನೂ ಜೀವ ಇದೆ ಎಂದುಕೊಳ್ಳುತ್ತಿದ್ದೆ. ಒಂದು ಕಡೆ ಸಿಗ್ನಲ್ ಬಿದ್ದು ಆಟೋ ನಿಂತಿತು, ತಲೆ ಆಡಲಿಲ್ಲ. ಸಿಗ್ನಲ್ ಬಿಡುವಷ್ಟರಲ್ಲಿ ನಾನು ನಮ್ಮ ಊರಿನ ದೇವರನ್ನೆಲ್ಲ ಕರೆದೆ.

ನರ್ಸಿಂಗ್ ಹೋಮಿನಲ್ಲಿ ಅವಳನ್ನು ಸ್ಟ್ರೆಚರಿನ ಮೇಲೆ ಒಳಗೆ ತಳ್ಳಿಕೊಂಡು ಹೋದರು. ಎದೆಗೆ ತಂತಿ ಅಂಟಿಸಿ ನೋಡಿದ ಡಾಕ್ಟರು ಓಡಾಡಲು ಶುರುಮಾಡಿದರು. ರಕ್ತ ತೆಗೆದರು. ಗೌರೀಶಂಕರ ಆ ಸೀಸೆಯ ಹಿಂದೆಯೇ ಲ್ಯಾಬಿಗೆ ಓಡಿದ. ನಮ್ಮ ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ, ನಿಂಗರಾಜನ ಜೊತೆ ಮೆಷಿನ್ನಿನದೇ ಪುಟ್ಟ ಪರದೆಗೆ ಮೂಗು ಹಚ್ಚಿ ನಿಂತ. ಅಂಕಿ ಮೂಡಿತು. ನಿಂಗರಾಜ ಅದನ್ನು ಕೂಗಿ ಹೇಳಿದ. ಏಳು ದಾಟಿತ್ತು.

ಒಳಗಿನಿಂದ ಬಾಗಿಲು ಹಾಕಿಕೊಂಡರು. ನಾವೆಲ್ಲ ಹೊರಗೆ ನಿಂತೆವು. ಒಬ್ಬ ನರ್ಸು ಓಡಿ ಹೊರಗೆ ಬಂದು ಏನೋ ತೆಗೆದುಕೊಂಡು ಮತ್ತೆ ಓಡಿ ಒಳಗೆ ಹೋದಳು. ಹೊಳೆಪ್ಪ ಬಾಗಿಲಿಗೆ ಹಣೆ ಹಚ್ಚಿ ನಿಂತಿದ್ದ. ಅಷ್ಟರಲ್ಲಿ ವೆಂಕಟಸ್ವಾಮಿಯವರೂ ಬಂದರು. ಬಂದವರು ಗೌರೀಶಂಕರನ ಪಕ್ಕದಲ್ಲಿ ನಿಂತು ಕರ್ಚೀಫಿನಿಂದ ಕತ್ತು ಒರೆಸಿಕೊಂಡರು.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಡಾಕ್ಟರು ಹೊರಗೆ ಬಂದರು.

"ಬದುಕಿದ್ದಾರೆ. ಇಂಜೆಕ್ಷನ್ ಕೊಟ್ಟಿದೀವಿ, ಹಾರ್ಟು ಸರಿಯಾಗಿ ಹೊಡ್ಕೋತಿದೆ" ಎಂದರು. ಅಕ್ಕಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಆದರೆ ಡಾಕ್ಟರ ಮುಖ ಕೆಂಪಾಗಿತ್ತು. ಕೈಯಲ್ಲಿ ಬೆಳಗಿನ ಗುಲಾಬಿ ಚೀಟಿ. ಅದನ್ನು ಹೊಳೆಪ್ಪನ ಮುಂದೆ ಆಡಿಸಿದರು.

"ಬೆಳಿಗ್ಗೆ ನಾರ್ಮಲ್ ಇತ್ತಲ್ರೀ! ಮಧ್ಯಾಹ್ನದೊಳಗೆ ಹೇಗೆ ಹೀಗಾಯ್ತು? ಮನೇಲಿ ಏನು ಕೊಟ್ರಿ?"

"ಏನಿಲ್ರಿ... ಎಳನೀರು..."

"ಎಷ್ಟು?"

"ಬೆಳಿಗ್ಗಿಂದ ಕುಡಿಸಾಕತ್ತಿದ್ನಿರಿ."

"ಕಿಡ್ನಿ ವೀಕ್ ಇರೋರಿಗೆ ಎಳನೀರು ವಿಷ ಕಣ್ರೀ! ನಿಮ್ಮ ಕೈಯಾರೆ ಕೊಲ್ತಿದ್ರಿ ತಾಯೀನ!"

ಅಷ್ಟು ಹೇಳಿ ಅವರು ಒಳಗೆ ಹೋದರು. ಹೊಳೆಪ್ಪ ಗೋಡೆಗೆ ಜಾರಿ ಕುಸಿದು ಕೂತ. ಅಂಥ ಆಳು, ಎರಡೂ ಕೈಯಿಂದ ತಲೆ ಚಚ್ಚಿಕೊಂಡು ಅಳತೊಡಗಿದ. "ಬ್ಯಾಡಂತ ಅಂದ್ಲರಿ ನಮ್ಮವ್ವ. ಸಾಕಪಾ ತಮ್ಮಾ, ಕುಡಿಯಾಕ ಆಗವಲ್ದು ಅಂದ್ಲು. ನಾನ ಬಾಯಿಗೆ ಹಿಡದು ಕುಡಿಸಿದ್ನಿರಿ. ನಾನ ಕುಡಿಸಿದ್ನಿ." ಅಕ್ಕಯಮ್ಮ ಅವನ ಪಕ್ಕದಲ್ಲೇ ಕೂತು, "ನಾನು ಕೆತ್ತಿಕೊಟ್ನಲ್ಲಪ್ಪ, ನನ್ನ ಕೈ ಸೇದೋಗ" ಎಂದು ಗೋಳಾಡಿದರು. ಅವನನ್ನು ಸಮಾಧಾನ ಮಾಡಲು ಹೋದರೆ ಕೈ ಕೊಡವಿದ. ತಾಯಿಯ ಹತ್ತಿರ ಹೋಗಬಹುದು ಎಂದು ನರ್ಸು ಕರೆದರೂ ಏಳಲಿಲ್ಲ. "ಯಾವ ಮುಖ ಹೊತ್ಕೊಂಡು ಹೋಗ್ಲಿ?" ಎಂದ.

ಆಗ ನನಗೆ ಅರ್ಥವಾಯಿತು. ಡಾಕ್ಟರಿಗೆ ಇನ್ನೂ ವಿಷಯ ಗೊತ್ತಿಲ್ಲ, ಸ್ಕ್ರಿಪ್ಟ್ ಬರೆದ ನಿಂಗರಾಜನೂ ಹೆದರಿ ಬಾಯಿ ಬಿಟ್ಟಿಲ್ಲ. ಅವರು ಆ ಚೀಟಿಯನ್ನೇ ನಂಬಿದ್ದಾರೆ. ಚೀಟಿ ಸರಿ ಎಂದಾದರೆ ತಪ್ಪು ಎಳನೀರಿನದ್ದು, ಕುಡಿಸಿದವನದ್ದು. ಮುರಿಗೆವ್ವ ಬದುಕಿದಳು, ತಪ್ಪಿಗೂ ಒಬ್ಬ ಯಜಮಾನ ಸಿಕ್ಕಿದ. ನಾವು ಸುಮ್ಮನಿದ್ದರೆ ಸಾಕು, ಎಲ್ಲ ಮುಗಿದೇ ಹೋಯಿತು.

ವೆಂಕಟಸ್ವಾಮಿಯವರಿಗೂ ಅದು ನನಗಿಂತ ಮುಂಚೆಯೇ ಅರ್ಥವಾಗಿತ್ತು. ಅವರು ಗೌರೀಶಂಕರನ ಮೊಣಕೈ ಹಿಡಿದು ಮೆಲ್ಲಗೆ, "ನಡಿ ಗೌರಿ. ದೇವ್ರು ದೊಡ್ಡೋನು. ಆಫೀಸಿಗೆ ಹೋಗೋಣ" ಎಂದರು.

ಗೌರೀಶಂಕರ ಹೊಳೆಪ್ಪನನ್ನೇ ನೋಡುತ್ತಿದ್ದ. ಹಣೆಯ ಮೇಲೆ ಬೆವರು. ಯಜಮಾನರು ಮತ್ತೆ ಮೊಣಕೈ ಎಳೆದರು. ಅವನು ಬಿಡಿಸಿಕೊಂಡು ಹೊಳೆಪ್ಪನ ಎದುರು ಹೋಗಿ ಮಂಡಿಯೂರಿ ಕೂತ.

"ನೀವು ಕುಡಿಸಿದ್ದಕ್ಕೆ ಬಂದಿದ್ದಲ್ಲ" ಎಂದ. ದನಿ ಕೀರಲಾಗಿತ್ತು. "ಬೆಳಿಗ್ಗೇನೇ ಜಾಸ್ತಿ ಇತ್ತು. ಎಳನೀರಿಗೆ ಮುಂಚೇನೇ ಇತ್ತು. ಮೆಷಿನ್ ಸರಿಯಾಗೇ ಹೇಳಿತ್ತು. ಚೀಟೀಲಿ ಬೇರೆಯೋರ ರಕ್ತ ಅಚ್ಚಾಯ್ತು. ಚೀಟಿ ಸರಿಯಿದ್ದಿದ್ರೆ ನಿಮ್ಮನ್ನ ಮನೆಗೇ ಕಳಿಸ್ತಿರ್ಲಿಲ್ಲ. ಆ ಪ್ರೋಗ್ರಾಮ್ ಬರೆದೋನು ನಾನು. ತಪ್ಪು ನಂದು. ನಿಮ್ಮದಲ್ಲ, ಆ ಅಮ್ಮಂದೂ ಅಲ್ಲ."

ಹೊಳೆಪ್ಪ ಅಳುವುದನ್ನು ನಿಲ್ಲಿಸಿದ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ಮುಂಜಾನೇನ ಇತ್ತಾ?" ಎಂದ.

"ಇತ್ತು."

ಹೊಳೆಪ್ಪನ ಕೈ ಮೇಲೆದ್ದಿದ್ದು ನನಗೆ ಕಾಣಿಸಲಿಲ್ಲ, ಏಟಿನ ಸದ್ದು ಮಾತ್ರ ಕೇಳಿಸಿತು. ಗೌರೀಶಂಕರ ಪಕ್ಕ ಸರಿಯಲಿಲ್ಲ, ಮುಖಕ್ಕೆ ಕೈ ಅಡ್ಡ ಹಿಡಿಯಲಿಲ್ಲ. ವೆಂಕಟಸ್ವಾಮಿಯವರು "ಏಯ್ ಏಯ್" ಎಂದು ಮುಂದೆ ಬಂದು ಅಲ್ಲೇ ನಿಂತರು. ಹೊಳೆಪ್ಪ ಇನ್ನೊಮ್ಮೆ ಕೈ ಎತ್ತಿದ. ಎದುರಿಗಿದ್ದವನ ಮುಖ ನೋಡಿ ಇಳಿಸಿದ. ಆಮೇಲೆ ಎದ್ದ. ಯೂನಿಫಾರ್ಮಿನ ತೋಳಿನಿಂದ ಕಣ್ಣು ಒರೆಸಿಕೊಂಡ, ಅಕ್ಕಯಮ್ಮನನ್ನೂ ಕೈಹಿಡಿದು ಎಬ್ಬಿಸಿದ. "ನಡೀರಿ ಅಮ್ಮಾ. ನಮ್ಮದೇನಿಲ್ಲಂತ" ಎಂದು ಆಕೆಯನ್ನು ಕರೆದುಕೊಂಡು ತಾಯಿಯ ಕೋಣೆಯೊಳಗೆ ಹೋದ.

ಗೌರೀಶಂಕರ ಮಂಡಿಯೂರಿದ ಕಡೆಯಲ್ಲೇ ಇದ್ದ. ಕೆನ್ನೆಯ ಮೇಲೆ ಬೆರಳಿನ ಗುರುತು ಎದ್ದಿತ್ತು.

"ಒಳಗೆ ಹೋದ್ರಾ?" ಎಂದು ಕೇಳಿದ.

"ಹೋದ್ರು."

"ಅಳ್ತಿದಾರಾ?"

ನಾನು ಬಾಗಿಲ ಸಂದಿಯಿಂದ ನೋಡಿದೆ. ಹೊಳೆಪ್ಪ ತಾಯಿಯ ಕೈ ಹಿಡಿದು ಕೂತಿದ್ದ. ಮುರಿಗೆವ್ವ ಸಣ್ಣ ದನಿಯಲ್ಲಿ, ಉಂಡೀಯೇನೋ ಇಲ್ಲೋ ಎಂದು ಅವನನ್ನು ಗದರಿಸುತ್ತಿದ್ದಳು.

"ಇಲ್ಲ" ಎಂದೆ.

ಅವನು ನೆಲದ ಮೇಲೆ ಕಾಲು ಚಾಚಿ ಕೂತ. ಆಗ ನಡುಕ ಅವನ ಇಡೀ ಮೈಯನ್ನು ಹಿಡಿಯಿತು. ಹಲ್ಲು ಕಟಕಟ ಎನ್ನುತ್ತಿದ್ದವು. ಡಾಕ್ಟರಿಗೆ ಹೇಳುವುದು ಇನ್ನೂ ಬಾಕಿ ಇತ್ತು.

"ನಂಗೆ ತುಂಬಾ ಭಯ ಆಗ್ತಿದೆ ಮಧು. ಇಲ್ಲೇ ಕೂತಿರು" ಎಂದ.

ನಾನು ಅವನ ಪಕ್ಕ ಕೂತೆ.